ಫಿಲಡೆಲ್ಫಿಯಾದ ‘ಹೈದರಾಲಿ’ ಹಡಗು ಮತ್ತು ಮೈಸೂರಿನ ಬಾಣಗಳು



ಜುಮಾ ಮುಗಿದ ಮೇಲೆ ಮಸೀದಿಯ ಅಂಗಳದಲ್ಲಿ ನನ್ನನ್ನು ಸುತ್ತುವರಿಯುವ ಹುಡುಗರು ಈಗೀಗ ವುಝೂ, ನಮಾಝಿನ ಮಸ್ಅಲಾಗಳಿಗಿಂತ ಇತಿಹಾಸವನ್ನೇ ಹೆಚ್ಚು ಕೇಳುತ್ತಾರೆ. ಎಲ್ಲರ ಕೈಯಲ್ಲೂ ಮೊಬೈಲ್. “ಹಜರತ್, ಟಿಪ್ಪು ಸುಲ್ತಾನರು ಅಮೆರಿಕಕ್ಕೆ ಸೈನ್ಯ ಕಳಿಸಿ ಸ್ವಾತಂತ್ರ್ಯ ಕೊಡಿಸಿದರಂತೆ, ನಿಜವಾ?” ಎಂದು ಒಬ್ಬ ಕೇಳುತ್ತಾನೆ. ಇನ್ನೊಬ್ಬನ ಮೊಬೈಲಿನಲ್ಲಿ ಅದಕ್ಕೆ ತೀರಾ ವಿರುದ್ಧವಾದ ಸುದ್ದಿ ಇರುತ್ತದೆ: ಹೈದರ್, ಟಿಪ್ಪು ಎಂಬವರು ಲೂಟಿಕೋರರು, ಅವರಿಗೆ ಹೊರಗಿನ ಪ್ರಪಂಚದಲ್ಲಿ ಹೆಸರೇ ಇರಲಿಲ್ಲ ಎಂದು. ಎರಡೂ ಸುಳ್ಳು. ಬಂದ ಸುದ್ದಿಯನ್ನು ವಿಚಾರಿಸದೆ ಒಪ್ಪಬಾರದು ಎಂದು ಮಿಂಬರಿನ ಮೇಲೆ ನಿಂತು ಹೇಳುವವನು ನಾನೇ. ಹೀಗಿರುವಾಗ ನಮ್ಮನ್ನು ಹೊಗಳುವ ಸುದ್ದಿ ಬಂದರೆ ಮಾತ್ರ ವಿಚಾರಿಸದೆ ಬಿಡುವುದು ಹೇಗೆ? ಅದಕ್ಕೇ ಈ ಲೇಖನ.

ಸೈನ್ಯ ಕಳಿಸಿದ ಮಾತಿಗೆ ಯಾವ ಆಧಾರವೂ ಇಲ್ಲ. ಮೈಸೂರಿನಿಂದ ಅಮೆರಿಕಕ್ಕೆ ಒಬ್ಬ ಸವಾರನೂ ಹೋಗಲಿಲ್ಲ, ಅಲ್ಲಿಂದ ಇಲ್ಲಿಗೂ ಯಾರೂ ಬರಲಿಲ್ಲ. ಎರಡು ದೇಶಗಳ ನಡುವೆ ಒಪ್ಪಂದವೂ ಆಗಲಿಲ್ಲ. ಆದರೆ ಇಂಗ್ಲಿಷರ ವಿರುದ್ಧ ಅಮೆರಿಕದವರು ಹೋರಾಡುತ್ತಿದ್ದ ಕಾಲದಲ್ಲಿ ಅವರ ಒಂದು ಯುದ್ಧನೌಕೆಗೆ ‘ಹೈದರಾಲಿ’ ಎಂದು ಹೆಸರಿಟ್ಟಿದ್ದರು. ಈ ಮಾತು ನಿಜ. ಅದರ ಹಿಂದಿನ ಕಥೆ ಮೊಬೈಲಿನ ಸುದ್ದಿಗಿಂತ ಸ್ವಾರಸ್ಯವಾಗಿದೆ.

ಅಮೆರಿಕದ ಹದಿಮೂರು ವಸಾಹತುಗಳಲ್ಲಿದ್ದವರಲ್ಲಿ ಬಹಳ ಜನ ಇಂಗ್ಲೆಂಡಿನಿಂದ ಹೋದವರ ಸಂತತಿಯೇ. ಅವರ ಮತ್ತು ಲಂಡನ್ನಿನ ನಡುವಿನ ಜಗಳ ಅಣ್ಣತಮ್ಮಂದಿರ ಪಾಲಿನ ಜಗಳದಂತೆ ತೆರಿಗೆಯಿಂದ ಶುರುವಾಯಿತು. 1773ರ ಡಿಸೆಂಬರ್ 16ರಂದು ಬೋಸ್ಟನ್ ಬಂದರಿನಲ್ಲಿ 342 ಪೆಟ್ಟಿಗೆ ಚಹಾ ಸಮುದ್ರಕ್ಕೆ ಬಿತ್ತು. ಆ ಚಹಾ ಯಾರದು? ಈಸ್ಟ್ ಇಂಡಿಯಾ ಕಂಪನಿಯದು. ಮದರಾಸಿನಲ್ಲಿ ಕೋಟೆ ಕಟ್ಟಿ ಕುಳಿತು ಹೈದರಾಲಿಯವರೊಂದಿಗೆ ಕಾದಾಡುತ್ತಿದ್ದ ಅದೇ ಕಂಪನಿ. 1769ರಲ್ಲಿ ಹೈದರಾಲಿಯವರು ಮದರಾಸಿನ ಬಾಗಿಲಿಗೇ ಬಂದು ಕಂಪನಿಯವರಿಂದ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡಿದ್ದರು. ಆ ಯುದ್ಧದ ಸುದ್ದಿ ಮುಟ್ಟಿದಾಗ ಲಂಡನ್ನಿನಲ್ಲಿ ಕಂಪನಿಯ ಷೇರಿನ ಬೆಲೆ ಕುಸಿಯಿತು. ಆಮೇಲೆ ಬಂಗಾಳದ ಭೀಕರ ಬರ, ಕಂಪನಿ ನೌಕರರ ಲಂಚಗುಳಿತನ, ಸಾಲ ಎಲ್ಲ ಸೇರಿ ಕಂಪನಿ ದಿವಾಳಿಯ ಅಂಚಿಗೆ ಬಂತು. ಗೋದಾಮಿನಲ್ಲಿ ಕೊಳೆಯುತ್ತಿದ್ದ ಚಹಾವನ್ನು ಅಮೆರಿಕದಲ್ಲಿ ಮಾರಿ ಕಂಪನಿಯನ್ನು ಉಳಿಸಲು ಬ್ರಿಟಿಷ್ ಸರಕಾರ ಕಾನೂನು ಮಾಡಿತು. ಹಾಗೆಂದು ಬೋಸ್ಟನ್ನಿನ ಚಹಾ ಪ್ರಕರಣಕ್ಕೆ ಹೈದರಾಲಿಯೇ ಕಾರಣ ಎಂದು ಇನ್ನೊಂದು ಸಂದೇಶ ಹರಿಯಬಿಡಬೇಡಿ. ಒಂದು ಮಹಡಿ ಮನೆ ಬೀಳಲು ಹತ್ತು ಕಾರಣಗಳಿದ್ದರೆ ಅದರಲ್ಲಿ ಇದೂ ಒಂದು, ಅಷ್ಟೇ.

1775ರಲ್ಲಿ ಯುದ್ಧ ಶುರುವಾಯಿತು. 1778ರಲ್ಲಿ ಫ್ರಾನ್ಸ್ ಅಮೆರಿಕದ ಪರ ನಿಂತಿತು. ಆ ಸುದ್ದಿ ಹಿಂದೂಸ್ತಾನ ತಲುಪಿದ್ದೇ ತಡ, ಕಂಪನಿಯವರು ಇಲ್ಲಿದ್ದ ಫ್ರೆಂಚರ ನೆಲೆಗಳನ್ನು ಹಿಡಿಯತೊಡಗಿದರು. ಅದೇ ವರ್ಷ ಪಾಂಡಿಚೇರಿ, ಮರುವರ್ಷ ಮಲಬಾರಿನ ಮಾಹೆ ಬಿದ್ದವು. ಹೈದರಾಲಿಯವರಿಗೆ ತೋಪು, ಮದ್ದುಗುಂಡು ಬರುತ್ತಿದ್ದ ಬಾಗಿಲು ಈ ಮಾಹೆ. ಅದು ತಮ್ಮ ರಕ್ಷಣೆಯಲ್ಲಿದೆ, ಮುಟ್ಟಬೇಡಿ ಎಂದು ಅವರು ಮೊದಲೇ ಎಚ್ಚರಿಕೆ ಕೊಟ್ಟಿದ್ದರು. ಕಂಪನಿಯ ಮೇಲೆ ಅವರಿಗೆ ಹಳೆಯ ಸಿಟ್ಟೂ ಇತ್ತು. ಮರಾಠರು ಮೇಲೆ ಬಿದ್ದಾಗ ನೆರವಿಗೆ ಬರುತ್ತೇವೆಂದು 1769ರಲ್ಲಿ ಒಪ್ಪಿದವರು ಸಮಯ ಬಂದಾಗ ಕೈಕೊಟ್ಟಿದ್ದರು. 1780ರ ಜುಲೈನಲ್ಲಿ ಹೈದರಾಲಿಯವರು ಸುಮಾರು 80,000 ಸೈನ್ಯದೊಂದಿಗೆ ಘಟ್ಟ ಇಳಿದು ಕರ್ನಾಟಿಕ್ ಸೀಮೆಗೆ ನುಗ್ಗಿದರು. ಎರಡನೇ ಮೈಸೂರು ಯುದ್ಧ ಎಂದು ಶಾಲೆಯಲ್ಲಿ ನಾವು ಬಾಯಿಪಾಠ ಮಾಡಿದ್ದು ಇದನ್ನೇ. ಆದರೆ ಅದು ಅಮೆರಿಕದ ಯುದ್ಧದ್ದೇ ಒಂದು ಕವಲು ಎಂದು ಆಗ ನಮಗೆ ಯಾವ ಮೇಷ್ಟ್ರೂ ಹೇಳಲಿಲ್ಲ.

ಆ ವರ್ಷದ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ಪೊಲ್ಲಿಲೂರಿನಲ್ಲಿ ಕರ್ನಲ್ ಬೇಲಿಯ ಪಡೆಯನ್ನು ಹೈದರ್ ಮತ್ತು ಟಿಪ್ಪು ಸುತ್ತುವರಿದರು. ಅವನ ಹತ್ತಿರ ಇದ್ದದ್ದು 3,800ರಷ್ಟು ಜನ. ಮಧ್ಯೆ ಕಂಪನಿಯವರ ಮದ್ದಿನ ಬಂಡಿಗಳು ಹೊತ್ತಿಕೊಂಡು ಸಿಡಿದವು. ಅಲ್ಲಿಗೆ ಕಥೆ ಮುಗಿಯಿತು. ಬೇಲಿ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಬಂದ. ಅಲ್ಲೇ ಸತ್ತ. ಅವನ ಸಮಾಧಿ ಇವತ್ತಿಗೂ ಗುಂಬಝಿನ ಹತ್ತಿರವೇ ಇದೆ. ದರಿಯಾ ದೌಲತ್ ಬಾಗಿನ ಗೋಡೆಯ ಮೇಲೆ ಈ ಯುದ್ಧದ ದೊಡ್ಡ ಚಿತ್ರವಿದೆ. ಮಕ್ಕಳನ್ನು ಕರೆದುಕೊಂಡು ಹೋದವರು ಆನೆ, ಕುದುರೆ ನೋಡಿ ಮುಂದೆ ಹೋಗಿಬಿಡುತ್ತಾರೆ. ಪಲ್ಲಕ್ಕಿಯಲ್ಲಿ ಕುಳಿತು ಬೆರಳು ಕಚ್ಚಿಕೊಂಡಿರುವ ಬೇಲಿಯನ್ನು ಮಕ್ಕಳಿಗೆ ತೋರಿಸಿ.

ಹಿಂದೂಸ್ತಾನದಲ್ಲಿ ಇಂಗ್ಲಿಷರಿಗೆ ಅದುವರೆಗೆ ಅಂಥ ಸೋಲು ಆಗಿರಲಿಲ್ಲ. ಸುದ್ದಿ ಹಡಗಿನಲ್ಲಿ ತಿಂಗಳುಗಟ್ಟಲೆ ಪ್ರಯಾಣ ಮಾಡಿ ಲಂಡನ್ನಿಗೆ, ಅಲ್ಲಿಂದ ಅಮೆರಿಕದ ಪತ್ರಿಕೆಗಳಿಗೂ ಹೋಯಿತು. ನಮ್ಮ ಶತ್ರುವನ್ನು ಭೂಮಿಯ ಇನ್ನೊಂದು ತುದಿಯಲ್ಲಿ ಒಬ್ಬ ರಾಜ ಬಡಿಯುತ್ತಿದ್ದಾನೆ ಎಂಬುದು ಅಲ್ಲಿನವರಿಗೆ ಸಿಹಿಸುದ್ದಿ. ಹೆಸರು ಹೋದದ್ದು ಹೀಗೆ.

1782ರಲ್ಲಿ ಫಿಲಡೆಲ್ಫಿಯಾದ ವ್ಯಾಪಾರಿಗಳಿಗೆ ಒಂದು ಕಷ್ಟ ಇತ್ತು. ಡೆಲಾವೇರ್ ಕೊಲ್ಲಿಯಲ್ಲಿ ಇಂಗ್ಲಿಷರ ಮತ್ತು ಅವರ ಪಕ್ಷದವರ ಹಡಗುಗಳು ಸರಕು ಹಡಗುಗಳನ್ನು ದೋಚುತ್ತಿದ್ದವು. ಪೆನ್ಸಿಲ್ವೇನಿಯಾ ರಾಜ್ಯ ಒಂದು ವ್ಯಾಪಾರದ ಹಡಗನ್ನೇ ಕೊಂಡು, ಅದಕ್ಕೆ 16 ಫಿರಂಗಿ ಕೂರಿಸಿ ಕಾವಲಿಗೆ ಬಿಟ್ಟಿತು. ಅದರ ಹೆಸರೇ ‘ಹೈದರಾಲಿ’. ಅದರ ಕ್ಯಾಪ್ಟನ್ ಜೋಶುವಾ ಬಾರ್ನಿ. ವಯಸ್ಸು 22. ಇಂಗ್ಲೆಂಡಿನ ಜೈಲಿನಿಂದ ಹಿಂದಿನ ವರ್ಷವಷ್ಟೇ ತಪ್ಪಿಸಿಕೊಂಡು ಬಂದಿದ್ದ ಹುಡುಗ.

ಏಪ್ರಿಲ್ 8ರಂದು ಬ್ರಿಟಿಷ್ ನೌಕೆ ‘ಜನರಲ್ ಮಂಕ್’ ಎದುರಾಯಿತು. ಫಿರಂಗಿಯ ಬಲದಲ್ಲಿ ಅದೇ ಮೇಲು. ಬಾರ್ನಿ ಒಂದು ಉಪಾಯ ಮಾಡಿದ. ಚುಕ್ಕಾಣಿ ಹಿಡಿದವನಿಗೆ ಮೊದಲೇ ಹೇಳಿಟ್ಟ: ನಾನು ಮುಂದೆ ಕೂಗಿ ಕೊಡುವ ಆಜ್ಞೆಗೆ ನೀನು ತದ್ವಿರುದ್ಧ ಮಾಡು. ಎರಡು ಹಡಗುಗಳು ಹತ್ತಿರ ಬಂದಾಗ ವೈರಿಗೂ ಕೇಳುವಂತೆ ಒಂದು ದಿಕ್ಕಿಗೆ ತಿರುಗಿಸು ಎಂದು ಕೂಗಿದ. ಇಂಗ್ಲಿಷ್ ಕ್ಯಾಪ್ಟನ್ ಅದನ್ನು ಕೇಳಿ ತನ್ನ ಹಡಗನ್ನೂ ಆ ದಿಕ್ಕಿಗೆ ತಿರುಗಿಸಿದ. ‘ಹೈದರಾಲಿ’ ಮಾತ್ರ ಇನ್ನೊಂದು ಕಡೆಗೆ ತಿರುಗಿ ಅವನ ಹಡಗಿಗೆ ಅಡ್ಡವಾಗಿ ನಿಂತಿತು. ಎರಡೂ ಹಡಗಿನ ಹಗ್ಗಗಳು ಸಿಕ್ಕಿಕೊಂಡವು. ವೈರಿಯ ಫಿರಂಗಿಗಳು ತಿರುಗಲಾರದ ಜಾಗದಲ್ಲಿ ನಿಂತು ಬಾರ್ನಿ ಗುಂಡಿನ ಮಳೆ ಸುರಿಸಿದ. ಅರ್ಧ ಗಂಟೆಯೊಳಗೆ ‘ಜನರಲ್ ಮಂಕ್’ ಶರಣಾಯಿತು. ಫಿಲಿಪ್ ಫ್ರೆನೊ ಎಂಬ ಅಮೆರಿಕದ ಕವಿ ಈ ಗೆಲುವಿನ ಮೇಲೆ ಪದ್ಯ ಬರೆದ. ಅಲ್ಲಿಯೂ ನಮ್ಮ ಹೈದರಾಲಿಯವರ ಹೆಸರಿದೆ.

ಹೆಮ್ಮೆ ಪಡುವುದಾದರೆ ಪಡಿ. ಆದರೆ ಅದರ ಜೊತೆ ಇನ್ನೊಂದು ಮಾತೂ ನೆನಪಿರಲಿ. ಹೈದರಾಲಿಯವರ ಈ ದೊಡ್ಡ ದಂಡಯಾತ್ರೆಗೆ ಸ್ವಲ್ಪ ಮೊದಲು, 1779ರಲ್ಲಿ, ಚಿತ್ರದುರ್ಗ ಬಿತ್ತು. ಮದಕರಿ ನಾಯಕರು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದರು, ಮರಳಿ ಬರಲಿಲ್ಲ. ನಮ್ಮ ಉಚ್ಚಂಗಿದುರ್ಗ, ಹರಪನಹಳ್ಳಿ ಸೀಮೆಯಲ್ಲಿ ಆ ನೋವಿನ ಹಾಡು ಇವತ್ತಿಗೂ ಇದೆ. ನಮ್ಮ ಪಕ್ಕದ ಮನೆಯವರ, ನಮ್ಮ ಜೊತೆ ಹೊಲ ಉತ್ತವರ ಹಿರಿಯರು ಆ ಕೋಟೆಯ ಮೇಲೆ ನಿಂತು ಸತ್ತವರು. ಕರ್ನಾಟಿಕ್ ಸೀಮೆಯಲ್ಲಿ ಹೈದರನ ಕುದುರೆ ಸೈನ್ಯ ಸುಟ್ಟ ಹಳ್ಳಿಗಳಲ್ಲಿ ಎಲ್ಲ ಜಾತಿಯ, ಎಲ್ಲ ಧರ್ಮದ ರೈತರೂ ಇದ್ದರು. ಫಿಲಡೆಲ್ಫಿಯಾದವರಿಗೆ ಅವರು ಕಾಣಲಿಲ್ಲ. ದೂರದಿಂದ ನೋಡಿದವರಿಗೆ ಒಬ್ಬ ದೊರೆ ತನ್ನ ಶತ್ರುವಿನ ಶತ್ರುವಾಗಿ ಮಾತ್ರ ಕಾಣುತ್ತಾನೆ. ನಾವು ದೂರದವರಲ್ಲ, ಇಲ್ಲಿಯವರು. ನಮಗೆ ಎರಡೂ ಕಾಣಬೇಕು.

ಮೊಬೈಲಿನ ಸುದ್ದಿಗೆ ನಿಜವಾದ ಉತ್ತರ ಸಿಗುವುದು ಫ್ರೆಂಚರ ನಡತೆಯಲ್ಲಿ. ಅಮೆರಿಕ ಮತ್ತು ಮೈಸೂರು ಎರಡಕ್ಕೂ ಮಿತ್ರರಾಗಿದ್ದವರು ಫ್ರೆಂಚರು. 1781ರ ಅಕ್ಟೋಬರ್ 19ರಂದು ಯಾರ್ಕ್‌ಟೌನಿನಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಶರಣಾದದ್ದು ವಾಷಿಂಗ್ಟನ್ನರ ಸೈನ್ಯದ ಜೊತೆ ಫ್ರೆಂಚ್ ಸೈನ್ಯವಿತ್ತು, ಸಮುದ್ರದ ದಾರಿಯನ್ನು ಫ್ರೆಂಚ್ ನೌಕಾಪಡೆ ಮುಚ್ಚಿತ್ತು ಎಂಬ ಕಾರಣಕ್ಕೆ. ಇತ್ತ 1782ರಲ್ಲಿ ಸಫ್ರೆನ್ ಎಂಬ ಫ್ರೆಂಚ್ ನಾವಿಕ ಕೋರಮಂಡಲ ತೀರಕ್ಕೆ ಹಡಗುಗಳನ್ನು ತಂದು ಇಂಗ್ಲಿಷರನ್ನು ಕಾಡಿದ. ಕಡಲೂರಿನ ಹತ್ತಿರ ಹೈದರಾಲಿಯವರನ್ನು ಭೇಟಿಯಾದ. ಅದೇ ವರ್ಷ ಡಿಸೆಂಬರ್ 7ರಂದು ಚಿತ್ತೂರಿನ ಬಳಿಯ ಪಾಳೆಯದಲ್ಲಿ ಹೈದರಾಲಿಯವರು ತೀರಿಕೊಂಡರು. ಯುದ್ಧದ ಭಾರ ಟಿಪ್ಪು ಸುಲ್ತಾನರ ಹೆಗಲಿಗೆ ಬಂತು.

1783ರ ಮೇ ತಿಂಗಳಿನಿಂದ ಟಿಪ್ಪು ಮಂಗಳೂರಿನ ಕೋಟೆಯನ್ನು ಮುತ್ತಿದ್ದರು. ಕೋಟೆಯೊಳಗೆ ಕರ್ನಲ್ ಕ್ಯಾಂಪ್‌ಬೆಲ್. ಮಳೆಗಾಲದ ಮಂಗಳೂರು ಹೇಗಿರುತ್ತದೆಂದು ಹೇಳಬೇಕಿಲ್ಲ. ಕಂದಕಗಳಲ್ಲಿ ನೀರು, ಸೈನಿಕರಿಗೆ ಜ್ವರ. ಆದರೂ ಟಿಪ್ಪುವಿನ ಜೊತೆಗಿದ್ದ ಫ್ರೆಂಚ್ ತುಕಡಿಯ ತಂತ್ರದಿಂದ ಕೋಟೆಯ ಗೋಡೆಗಳು ಸಡಿಲವಾಗತೊಡಗಿದ್ದವು. ಜುಲೈನಲ್ಲಿ ಯುರೋಪಿನಿಂದ ಸುದ್ದಿ ಬಂತು: ಇಂಗ್ಲೆಂಡ್ ಮತ್ತು ಫ್ರಾನ್ಸ್ ಜನವರಿಯಲ್ಲೇ ರಾಜಿಯಾಗಿವೆ. ಅಷ್ಟೇ. ಫ್ರೆಂಚರು ಅಂದೇ ಕೈ ಕಟ್ಟಿ ನಿಂತರು. ಇನ್ನು ನಾವು ಒಂದು ಗುಂಡೂ ಹಾರಿಸುವುದಿಲ್ಲ ಎಂದರು. ಕಡಲೂರಿನಲ್ಲಿಯೂ ಹೀಗೇ ಆಯಿತು. ಟಿಪ್ಪು ಸುಲ್ತಾನರಿಗೆ ಎಷ್ಟು ಸಿಟ್ಟು ಬಂದಿರಬೇಕು! ರಾಜಿ ಮಾಡಿಕೊಳ್ಳುವಾಗ ಅವರನ್ನು ಯಾರೂ ಕೇಳಿರಲಿಲ್ಲ. ಆಗಸ್ಟಿನಲ್ಲಿ ಕದನವಿರಾಮಕ್ಕೆ ಒಪ್ಪಿದರು. ಆದರೆ ಕೋಟೆಗೆ ಹಾಕಿದ ಬಿಗಿ ಬಿಡಲಿಲ್ಲ. 1784ರ ಜನವರಿ ಕೊನೆಗೆ ಹಸಿವು, ಸ್ಕರ್ವಿಯಿಂದ ಕಂಗೆಟ್ಟ ಕ್ಯಾಂಪ್‌ಬೆಲ್ ಕೋಟೆ ಬಿಟ್ಟುಕೊಟ್ಟ. ಮಾರ್ಚ್ 11ರಂದು ಮಂಗಳೂರು ಒಪ್ಪಂದವಾಯಿತು. ಹಿಂದೂಸ್ತಾನದ ಒಬ್ಬ ದೊರೆ ಇಂಗ್ಲಿಷರನ್ನು ತನ್ನ ಪಾಳೆಯಕ್ಕೆ ಕರೆಸಿ, ಸಮಾನನಾಗಿ ಕುಳಿತು ಮಾಡಿದ ಕೊನೆಯ ಒಪ್ಪಂದಗಳಲ್ಲಿ ಅದು ಒಂದು.

ಇಲ್ಲೊಂದು ವಿಚಿತ್ರವಿದೆ. ಬಾರ್ನಿ ಹಿಡಿದ ‘ಜನರಲ್ ಮಂಕ್’ ಹಡಗಿಗೆ ಅಮೆರಿಕದವರು ‘ಜನರಲ್ ವಾಷಿಂಗ್ಟನ್’ ಎಂದು ಹೆಸರಿಟ್ಟು ಅವನಿಗೇ ಒಪ್ಪಿಸಿದರು. 1783ರ ಮಾರ್ಚಿನಲ್ಲಿ ಪ್ಯಾರಿಸ್ಸಿನಿಂದ ಸಂಧಾನದ ಸುದ್ದಿಯನ್ನು ಫಿಲಡೆಲ್ಫಿಯಾಕ್ಕೆ ಹೊತ್ತು ತಂದದ್ದು ಅದೇ ಹಡಗು. ಅಲ್ಲಿ ಗಂಟೆ ಬಾರಿಸಿ ಸಂಭ್ರಮಿಸಿದ ಆ ಶಾಂತಿಯೇ ನಾಲ್ಕು ತಿಂಗಳ ನಂತರ ಮಂಗಳೂರಿನ ಮಳೆಯಲ್ಲಿ ಟಿಪ್ಪುವನ್ನು ಒಂಟಿ ಮಾಡಿತು. ‘ಹೈದರಾಲಿ’ ಗೆದ್ದ ಹಡಗು ತಂದ ಶಾಂತಿ ಹೈದರಾಲಿಯ ಮಗನಿಗೆ ದಕ್ಕಲಿಲ್ಲ.

ಆಮೇಲೆಯೂ ಟಿಪ್ಪು ಫ್ರೆಂಚರ ಆಸೆ ಬಿಡಲಿಲ್ಲ. 1788ರಲ್ಲಿ ಅವರ ರಾಯಭಾರಿಗಳು ಪ್ಯಾರಿಸ್ಸಿಗೆ ಹೋಗಿ ಹದಿನಾರನೇ ಲೂಯಿ ದೊರೆಯನ್ನು ಕಂಡರು. ಅಮೆರಿಕದ ರಾಯಭಾರಿ ಥಾಮಸ್ ಜೆಫರ್ಸನ್ ಆಗ ಅದೇ ಪಟ್ಟಣದಲ್ಲಿದ್ದರು. ಲೂಯಿ ದೊರೆ ಸನ್ಮಾನ ಮಾಡಿದ, ಸೈನ್ಯ ಕೊಡಲಿಲ್ಲ. ಅಮೆರಿಕದ ಯುದ್ಧಕ್ಕೆ ಸುರಿದು ಅವನ ಖಜಾನೆ ಬರಿದಾಗಿತ್ತು. ಮರುವರ್ಷ ಅವನ ದೇಶದಲ್ಲೇ ಕ್ರಾಂತಿಯಾಯಿತು.

ಇನ್ನು ಯಾರ್ಕ್‌ಟೌನಿನಲ್ಲಿ ಸೋತ ಕಾರ್ನ್‌ವಾಲಿಸ್. ದೊಡ್ಡವರ ಸೋಲಿಗೆ ಶಿಕ್ಷೆ ಕಡಿಮೆ. 1786ರಲ್ಲಿ ಅವನನ್ನು ಗವರ್ನರ್ ಜನರಲ್ ಮಾಡಿ ಕಲ್ಕತ್ತೆಗೆ ಕಳಿಸಿದರು. ಅಮೆರಿಕದಲ್ಲಿ ಕಲಿತ ಪಾಠ ಅವನು ಮರೆಯಲಿಲ್ಲ. ಅಲ್ಲಿ ಅವನ ಶತ್ರುವಿಗೆ ಮಿತ್ರರಿದ್ದರು, ಅವನು ಒಂಟಿಯಾಗಿದ್ದ. ಇಲ್ಲಿ ಅವನು ನಿಜಾಮ ಮತ್ತು ಮರಾಠರನ್ನು ತನ್ನ ಕಡೆಗೆ ಸೇರಿಸಿಕೊಂಡ, ಟಿಪ್ಪು ಒಂಟಿಯಾದರು. 1791ರ ಮಾರ್ಚ್ 21ರ ರಾತ್ರಿ ಬೆಂಗಳೂರು ಕೋಟೆ ಬಿತ್ತು. ವಯಸ್ಸಾದ ಕಿಲ್ಲೇದಾರ ಬಹಾದೂರ್ ಖಾನ್ ಕೋಟೆಯಲ್ಲೇ ಕಾದಾಡಿ ಸತ್ತರು. ಮರುವರ್ಷ ಶ್ರೀರಂಗಪಟ್ಟಣದ ಒಪ್ಪಂದ: ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ, ಜಾಮೀನಿಗೆ ಇಬ್ಬರು ಸಣ್ಣ ಮಕ್ಕಳು. ಅಮೆರಿಕದಲ್ಲಿ ಕಳೆದುಕೊಂಡ ಮಾನವನ್ನು ಕಾರ್ನ್‌ವಾಲಿಸ್ ನಮ್ಮ ನಾಡಿನಲ್ಲಿ ವಸೂಲು ಮಾಡಿಕೊಂಡ.

ಆ ಪಾಲಿನ ಬಿಸಿ ನಮ್ಮ ಸೀಮೆಗೂ ತಟ್ಟಿತು. 1799ರ ಮೇ 4ರಂದು ಟಿಪ್ಪು ಶಹೀದರಾದ ಮೇಲೆ ರಾಜ್ಯ ಇನ್ನೊಮ್ಮೆ ಹಂಚಿಕೆಯಾಯಿತು. ಎರಡು ಸಲ ತನಗೆ ಬಂದ ಪಾಲನ್ನು ನಿಜಾಮ 1800ರಲ್ಲಿ ಕಂಪನಿಗೇ ಬಿಟ್ಟುಕೊಟ್ಟ. ಬಳ್ಳಾರಿ ಸೀಮೆ ಹೀಗೆ ಮದರಾಸಿನ ಕೈಗೆ ಹೋಯಿತು. ಅದರ ಮೊದಲ ಮುಖ್ಯ ಕಲೆಕ್ಟರ್ ಥಾಮಸ್ ಮನ್ರೊ. ಈ ಮನ್ರೊ ಹದಿನೆಂಟರ ಹುಡುಗನಾಗಿ ಮದರಾಸಿಗೆ ಬಂದಿಳಿದದ್ದು 1780ರ ಜನವರಿಯಲ್ಲಿ, ಹೈದರಾಲಿಯವರು ಘಟ್ಟ ಇಳಿಯುವ ಕೆಲವೇ ತಿಂಗಳ ಮೊದಲು. ಅವರೊಂದಿಗೆ ಯುದ್ಧ ಮಾಡುತ್ತಲೇ ಬೆಳೆದವನು. ನಮ್ಮ ಅಜ್ಜಂದಿರ ಕಾಲದ ಪಹಣಿ, ರೈತವಾರಿ ಕಂದಾಯದ ಬೇರು ಅವನ ಕಚೇರಿಯಲ್ಲಿದೆ. ಅಮೆರಿಕದ ಯುದ್ಧಕ್ಕೂ ಉಚ್ಚಂಗಿದುರ್ಗದ ಹೊಲದ ಕಾಗದಕ್ಕೂ ಏನು ಸಂಬಂಧ ಎಂದು ಕೇಳುವವರಿಗೆ, ಇದು ಸಂಬಂಧ.

ಈಗ ಬಾಣಗಳ ವಿಷಯಕ್ಕೆ ಬರೋಣ. ರಾಕೆಟ್ ಮೈಸೂರಿನವರ ಕಂಡುಹಿಡಿತವಲ್ಲ, ಅದು ಚೀನಾದ್ದು. ಕಾಗದ ಅಥವಾ ಬಿದಿರಿನ ಕೊಳವೆಯಲ್ಲಿ ಮದ್ದು ತುಂಬುತ್ತಿದ್ದರು. ಹೆಚ್ಚು ಒತ್ತಿ ತುಂಬಿದರೆ ಕೊಳವೆಯೇ ಒಡೆಯುತ್ತಿತ್ತು. ಹೈದರ್ ಮತ್ತು ಟಿಪ್ಪುವಿನ ಕುಶಲಕರ್ಮಿಗಳು ಕಬ್ಬಿಣದ ಕೊಳವೆ ಮಾಡಿದರು. ಒಳಗಿನ ಒತ್ತಡ ತಡೆಯುವ ಶಕ್ತಿ ಬಂತು, ಹಾಗಾಗಿ ಬಾಣ ಬಹಳ ದೂರ ಹಾರಿತು. ಸಮತೋಲಕ್ಕೆ ಉದ್ದನೆಯ ಬಿದಿರು, ಕೆಲವಕ್ಕೆ ಕತ್ತಿಯ ಅಲಗು ಕಟ್ಟುತ್ತಿದ್ದರು. ಗುರಿ ಅಷ್ಟು ಖಚಿತವಲ್ಲ. ಆದರೆ ನೂರಾರು ಬಾಣಗಳು ಒಮ್ಮೆಗೇ ಸೀಟಿ ಹೊಡೆಯುತ್ತ ಬಂದರೆ ಕುದುರೆಗಳು ನಿಲ್ಲುತ್ತಿರಲಿಲ್ಲ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಳೆಯ ಬಾವಿಯೊಂದರಲ್ಲಿ ಪುರಾತತ್ವ ಇಲಾಖೆಯವರಿಗೆ ಇಂಥ ಸಾವಿರಕ್ಕೂ ಹೆಚ್ಚು ಕೊಳವೆಗಳು ಸಿಕ್ಕಿದವು. ಕೆಸರು, ತುಕ್ಕು, ಒಳಗೆ ಇನ್ನೂ ಮದ್ದಿನ ವಾಸನೆ. ಅದನ್ನು ಮಾಡಿದ ಲೋಹಾರರ, ಕಮ್ಮಾರರ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲ ಎಂಬುದು ನನಗೆ ಬೇಸರದ ವಿಷಯ.

ಶ್ರೀರಂಗಪಟ್ಟಣ ಬಿದ್ದ ಮೇಲೆ ಸಿಕ್ಕ ಬಾಣಗಳಲ್ಲಿ ಕೆಲವು ಇಂಗ್ಲೆಂಡಿನ ವುಲ್ವಿಚ್ ಶಸ್ತ್ರಾಗಾರಕ್ಕೆ ಹೋದವು. ಅಲ್ಲಿ ವಿಲಿಯಂ ಕಾಂಗ್ರೀವ್ ಎಂಬವನು 1804ರಿಂದ ಪ್ರಯೋಗ ಮಾಡಿ, ಅಳತೆ ಗೊತ್ತು ಮಾಡಿ, ತನ್ನ ಹೆಸರಿನ ರಾಕೆಟ್ ತಯಾರಿಸಿದ. 1807ರಲ್ಲಿ ಕೋಪನ್‌ಹೇಗನ್ ನಗರ ಅದರಿಂದ ಹೊತ್ತಿ ಉರಿಯಿತು. 1812ರಲ್ಲಿ ಅಮೆರಿಕ ಮತ್ತು ಬ್ರಿಟನ್ ನಡುವೆ ಎರಡನೇ ಯುದ್ಧ ಶುರುವಾದಾಗ ಈ ರಾಕೆಟ್ ಅಟ್ಲಾಂಟಿಕ್ ದಾಟಿತು.

1814ರ ಆಗಸ್ಟ್ 24. ವಾಷಿಂಗ್ಟನ್ ನಗರದ ಹೊರಗೆ ಬ್ಲೇಡನ್ಸ್‌ಬರ್ಗ್. ಅಮೆರಿಕದ ಹೊಸಬ ಸೈನಿಕರ ಸಾಲುಗಳ ಮೇಲೆ ಇಂಗ್ಲಿಷರು ಕಾಂಗ್ರೀವ್ ರಾಕೆಟ್ ಬಿಟ್ಟರು. ಅಂಥದ್ದನ್ನು ಕಂಡರಿಯದ ಜನ ದಿಕ್ಕಾಪಾಲಾಗಿ ಓಡಿದರು. ಅಧ್ಯಕ್ಷ ಮ್ಯಾಡಿಸನ್ ಕೂಡ ಅಲ್ಲಿಗೆ ಬಂದಿದ್ದರು, ಅವರೂ ಹಿಂದಿರುಗಬೇಕಾಯಿತು. ಓಡದೆ ನಿಂತದ್ದು ನಾವಿಕರ ಒಂದು ಸಣ್ಣ ಪಡೆ. ಅದರ ನಾಯಕ ಯಾರು ಗೊತ್ತೇ? ಜೋಶುವಾ ಬಾರ್ನಿ. ಮೂವತ್ತೆರಡು ವರ್ಷದ ಹಿಂದೆ ‘ಹೈದರಾಲಿ’ ಹಡಗಿನ ಕ್ಯಾಪ್ಟನ್ ಆಗಿದ್ದ ಅದೇ ಬಾರ್ನಿ, ಈಗ ಐವತ್ತೈದರ ಮನುಷ್ಯ. ಹೈದರಾಲಿಯವರ ಹೆಸರಿನ ಕೆಳಗೆ ಗೆದ್ದವನು ಹೈದರಾಲಿಯವರ ಬಾಣದ ಮರಿಗಳ ಎದುರು ನಿಂತ. ತೊಡೆಗೆ ಗುಂಡು ತಗುಲಿ ಸೆರೆಯಾದ. ಆ ರಾತ್ರಿ ಇಂಗ್ಲಿಷರು ಅಧ್ಯಕ್ಷರ ಮನೆಗೂ ಸಂಸತ್ ಭವನಕ್ಕೂ ಬೆಂಕಿ ಹಚ್ಚಿದರು. ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿ ಸುಮ್ಮನೆ ಕುಳಿತೆ.

ಮೂರು ವಾರದ ನಂತರ ಬಾಲ್ಟಿಮೋರಿನ ಮೆಕ್‌ಹೆನ್ರಿ ಕೋಟೆಯ ಮೇಲೆ ರಾತ್ರಿಯಿಡೀ ಬಾಂಬು, ರಾಕೆಟ್ ಸುರಿದವು. ಅದನ್ನು ಕಂಡು ಫ್ರಾನ್ಸಿಸ್ ಸ್ಕಾಟ್ ಕೀ ಎಂಬ ವಕೀಲ ಬರೆದ ಹಾಡು 1931ರಲ್ಲಿ ಅಮೆರಿಕದ ರಾಷ್ಟ್ರಗೀತೆಯಾಯಿತು. ಅದರಲ್ಲಿ ರಾಕೆಟ್ಟಿನ ಕೆಂಪು ಬೆಳಕಿನ ಮಾತು ಬರುತ್ತದೆ. ಹಾಡುವವರಲ್ಲಿ ಶ್ರೀರಂಗಪಟ್ಟಣವನ್ನು ಬಲ್ಲವರು ಬಹಳ ಇರಲಾರರು. ನಮ್ಮ ಡಾ. ಅಬ್ದುಲ್ ಕಲಾಂ ಸಾಹೇಬರು 1960ರ ದಶಕದಲ್ಲಿ ಅಮೆರಿಕದ ವಾಲಪ್ಸ್ ರಾಕೆಟ್ ಕೇಂದ್ರಕ್ಕೆ ಹೋದಾಗ, ಇಂಗ್ಲಿಷರ ಮೇಲೆ ರಾಕೆಟ್ ಬಿಡುತ್ತಿರುವ ಟಿಪ್ಪುವಿನ ಸೈನಿಕರ ಚಿತ್ರವನ್ನು ಅಲ್ಲಿ ಕಂಡದ್ದನ್ನು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಮೊಬೈಲಿನಲ್ಲಿ ಬರುವ ಮಾತುಗಳಲ್ಲಿ ಇದೊಂದು ಮಾತ್ರ ಸರಿ.

ಇಷ್ಟೆಲ್ಲ ಕಾದಾಡಿದ ಇಬ್ಬರು ಮುಂದೆ ಎಷ್ಟು ಹತ್ತಿರವಾದರೆಂದರೆ, 1943ರಲ್ಲಿ ಬೆಂಗಳೂರಿನ ಒಂದು ಕಾರ್ಖಾನೆಯನ್ನು ಒಬ್ಬರು ಇನ್ನೊಬ್ಬರ ಕೈಗೆ ಒಪ್ಪಿಸಿದರು. ಇದರಲ್ಲಿಯೂ ನಮ್ಮವರೊಬ್ಬರ ಹೆಸರಿದೆ.

ವಾಲ್‌ಚಂದ್ ಹೀರಾಚಂದ್ ಎಂಬ ಉದ್ಯಮಿಗೆ ಹಿಂದೂಸ್ತಾನದಲ್ಲಿ ವಿಮಾನ ಕಾರ್ಖಾನೆ ಕಟ್ಟುವ ಆಸೆ. ಬ್ರಿಟಿಷ್ ಸರಕಾರಕ್ಕೆ ಅದರಲ್ಲಿ ಉತ್ಸಾಹವಿರಲಿಲ್ಲ. ಗುಲಾಮ ದೇಶ ವಿಮಾನ ಮಾಡಲು ಕಲಿತರೆ ಮುಂದೇನು ಎಂಬ ಚಿಂತೆ ಅವರಿಗೆ. 1939ರಲ್ಲಿ ವಿಮಾನ ಪ್ರಯಾಣದಲ್ಲಿ ವಾಲ್‌ಚಂದರಿಗೆ ವಿಲಿಯಂ ಪಾಲಿ ಎಂಬ ಅಮೆರಿಕದವನ ಪರಿಚಯವಾಯಿತು. ಅವನು ಚೀನಾದಲ್ಲಿ ವಿಮಾನ ಜೋಡಿಸುವ ಕಾರ್ಖಾನೆ ನಡೆಸುತ್ತಿದ್ದ. ತಂತ್ರ ಅಮೆರಿಕದ್ದು, ಹಣ ವಾಲ್‌ಚಂದರದ್ದು. ಜಾಗ? ಮೈಸೂರು ಸಂಸ್ಥಾನದ ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಸಾಹೇಬರು ಮುಂದೆ ಬಂದರು. ಇವರ ಅಜ್ಜ ಅಲಿ ಅಸ್ಕರ್ ಶೀರಾಜಿ ಕುದುರೆ ವ್ಯಾಪಾರಕ್ಕೆಂದು ಇರಾನಿನಿಂದ ಬೆಂಗಳೂರಿಗೆ ಬಂದವರು. 1926ರಿಂದ 1941ರವರೆಗೆ ದಿವಾನರಾಗಿದ್ದ ಮಿರ್ಜಾ ಸಾಹೇಬರು ಸಂಸ್ಥಾನದಿಂದ ಜಾಗ ಕೊಡಿಸಿದರು, 25 ಲಕ್ಷ ರೂಪಾಯಿ ಹಾಕಿಸಿದರು. 1940ರ ಡಿಸೆಂಬರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ನೋಂದಣಿಯಾಯಿತು. ಎಚ್.ಎ.ಎಲ್. ಎಂದು ನಾವು ಕರೆಯುವುದು ಇದನ್ನೇ. 1941ರಲ್ಲಿ ಅಮೆರಿಕದ ಹಾರ್ಲೊ ತರಬೇತಿ ವಿಮಾನ ಇಲ್ಲಿ ಜೋಡಣೆಯಾಗಿ ಹಾರಿತು.

ಜಪಾನಿನವರು ಬರ್ಮಾ ನುಂಗಿದ ಮೇಲೆ ಎಲ್ಲ ಬದಲಾಯಿತು. 1942ರಲ್ಲಿ ಸರಕಾರ ವಾಲ್‌ಚಂದರ ಪಾಲನ್ನು ಕೊಂಡು ಕಾರ್ಖಾನೆಯನ್ನು ವಹಿಸಿಕೊಂಡಿತು. ಹೊಸ ವಿಮಾನ ಮಾಡುವ ಕೆಲಸ ನಿಂತಿತು, ರಿಪೇರಿಯೇ ಕೆಲಸವಾಯಿತು. 1943ರಲ್ಲಿ ಆಡಳಿತವನ್ನು ಅಮೆರಿಕದ ವಾಯುಸೇನೆಗೆ ಕೊಟ್ಟರು. ಅದಕ್ಕೆ 84ನೇ ಏರ್ ಡಿಪೋ ಎಂದು ಹೆಸರು. ಚೀನಾಕ್ಕೆ ಹಿಮಾಲಯ ದಾಟಿ ಸರಕು ಒಯ್ಯುವ, ಬರ್ಮಾದ ಮೇಲೆ ಹಾರುವ ವಿಮಾನಗಳು ಇಲ್ಲಿ ದುರಸ್ತಿಯಾದವು. ನೀರಿನ ಮೇಲೆ ಇಳಿಯುವ ಕ್ಯಾಟಲಿನಾ ವಿಮಾನಗಳು ಬೆಳ್ಳಂದೂರು ಕೆರೆಗೆ ಬಂದು ಇಳಿಯುತ್ತಿದ್ದವು. ಮುಂದೆ ನೊರೆ ಉಕ್ಕಿ ಸುದ್ದಿಯಾದ ಅದೇ ಕೆರೆ. ಸಾವಿರಾರು ಕನ್ನಡದ, ತಮಿಳಿನ, ದಖನಿಯ ಹುಡುಗರು ಅಮೆರಿಕದ ಮೇಸ್ತ್ರಿಗಳ ಕೈಕೆಳಗೆ ಕೆಲಸ ಕಲಿತರು.

ಈ ಗೆಳೆತನದೊಳಗೂ ಒಳಜಗಳ ಇದ್ದೇ ಇತ್ತು. 1941ರ ಆಗಸ್ಟಿನಲ್ಲಿ ರೂಸ್‌ವೆಲ್ಟ್ ಮತ್ತು ಚರ್ಚಿಲ್ ಕೂಡಿ, ಪ್ರತಿಯೊಂದು ಜನತೆಗೂ ತನ್ನ ಸರಕಾರವನ್ನು ಆರಿಸುವ ಹಕ್ಕಿದೆ ಎಂದು ಅಟ್ಲಾಂಟಿಕ್ ಘೋಷಣೆಯಲ್ಲಿ ಸಾರಿದರು. ಮರು ತಿಂಗಳೇ ಚರ್ಚಿಲ್ ಅದು ಹಿಂದೂಸ್ತಾನಕ್ಕೆ ಅನ್ವಯಿಸುವುದಿಲ್ಲ ಎಂದು ಪಾರ್ಲಿಮೆಂಟಿನಲ್ಲಿ ಹೇಳಿದರು. 1942ರಲ್ಲಿ ರೂಸ್‌ವೆಲ್ಟ್ ಕಳಿಸಿದ ಲೂಯಿ ಜಾನ್ಸನ್ ದೆಹಲಿಯಲ್ಲಿ ಕಾಂಗ್ರೆಸ್ ನಾಯಕರ ಜೊತೆ ಮಾತುಕತೆಗೆ ಇಳಿದಾಗ ಚರ್ಚಿಲ್ ಸಿಡಿಮಿಡಿಗೊಂಡರು. ಮೌಂಟ್‌ಬ್ಯಾಟನ್ನರ ಆಗ್ನೇಯ ಏಷ್ಯಾ ಕಮಾಂಡಿನ ಇಂಗ್ಲಿಷ್ ಅಕ್ಷರಗಳನ್ನು ಅಮೆರಿಕದ ಸೈನಿಕರು ‘ಇಂಗ್ಲೆಂಡಿನ ಏಷ್ಯಾ ವಸಾಹತುಗಳನ್ನು ಉಳಿಸಿ’ ಎಂದು ಬಿಡಿಸಿ ನಗುತ್ತಿದ್ದರು. ನಗುತ್ತಲೇ ಆ ಕೆಲಸವನ್ನೂ ಮಾಡಿಕೊಟ್ಟರು. ಹಿಂದೂಸ್ತಾನದ ಪ್ರಶ್ನೆ ಗೆಳೆತನಕ್ಕೆ ಅಡ್ಡ ಬರುವಷ್ಟಾದಾಗ ರೂಸ್‌ವೆಲ್ಟ್ ಅದನ್ನು ಬದಿಗಿಟ್ಟರು. ಮಂಗಳೂರಿನಲ್ಲಿ ಫ್ರೆಂಚರು ಮಾಡಿದ್ದಕ್ಕೂ ಇದಕ್ಕೂ ನನಗೆ ಬಹಳ ಅಂತರ ಕಾಣುವುದಿಲ್ಲ.

ಯುದ್ಧ ಮುಗಿದಾಗ ಅಮೆರಿಕದವರು ಕಾರ್ಖಾನೆಯನ್ನು ಸರಕಾರಕ್ಕೆ ಮರಳಿಸಿ ಹೊರಟರು. ಅವರು ಬ್ರಿಟಿಷರಿಗೆ ಎರವಲು ಕೊಟ್ಟಿದ್ದ ಲಿಬರೇಟರ್ ಎಂಬ ನಾಲ್ಕು ಎಂಜಿನ್ನಿನ ದೊಡ್ಡ ಬಾಂಬರ್‌ಗಳು ಕಾನ್ಪುರದ ಮೈದಾನದಲ್ಲಿ ಉಳಿದಿದ್ದವು. ಒಪ್ಪಂದದ ಪ್ರಕಾರ ಅವನ್ನು ಬೇರೆಯವರು ಬಳಸದಂತೆ ಕೆಡವಬೇಕಿತ್ತು. ಬ್ರಿಟಿಷರು ಸಾಧ್ಯವಾದಷ್ಟು ಜಜ್ಜಿ, ಹಾಳುಮಾಡಿ ಗುಜರಿಯಂತೆ ಬಿಟ್ಟು ಹೋದರು. 1948ರಲ್ಲಿ ಎಚ್.ಎ.ಎಲ್.ನ ಕೆಲಸಗಾರರು ಕಾನ್ಪುರಕ್ಕೆ ಹೋಗಿ, ಒಂದರ ಭಾಗ ಇನ್ನೊಂದಕ್ಕೆ ಜೋಡಿಸಿ, ಹಾರುವಷ್ಟರ ಮಟ್ಟಿಗೆ ಸರಿಮಾಡಿದರು. ಪೈಲಟ್ ಜಮ್‌ಶೆದ್ ಮುನ್ಶಿ ಅವನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದರು. ಅಲ್ಲಿ ಪೂರ್ತಿ ದುರಸ್ತಿಯಾದ 40ಕ್ಕೂ ಹೆಚ್ಚು ವಿಮಾನಗಳು ಭಾರತದ ವಾಯುಪಡೆಗೆ ಸೇರಿದವು, 1968ರವರೆಗೂ ಹಾರಾಡಿದವು.